ಕೆಂಟಕಿಯ ಜಗಲಿಯಲ್ಲಿ ನನ್ನ ಮದ್ದಳೆ

ಕೋಟೇಶ್ವರ: ಶಾಲು, ಹಣ್ಣು, ಬ್ಯಾನರು

ಯಾರಾದರೂ ಕರೆದಲ್ಲಿಗೆ ಮದ್ದಳೆ ಬಿಟ್ಟು ಬರಿಗೈಯಲ್ಲಿ ಹೋದದ್ದು ನನಗೆ ನೆನಪಿಲ್ಲ. ನಮ್ಮ ಕಡೆ ಮದ್ದಳೆಗಾರನಿಗೆ "ಒಂದ್ಸಲ ಬನ್ನಿ" ಅಂದರೆ ಮದ್ದಳೆ ಹಿಡಿದುಕೊಂಡು ಬನ್ನಿ ಅಂತಲೇ ಅರ್ಥ. ನಾಮಕರಣಕ್ಕೆ ಕರೆದರೂ ಅಷ್ಟೇ. ಊಟದ ಎಲೆ ತೆಗೆದ ಮೇಲೆ ಒಬ್ಬರು ಚಾಪೆ ಹಾಸುತ್ತಾರೆ, ಇನ್ನೊಬ್ಬರು ಪದ ಎತ್ತುತ್ತಾರೆ, ಎಲ್ಲರೂ ನನ್ನ ಕಡೆ ನೋಡುತ್ತಾರೆ. ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಭಾಗವತರ ಪಕ್ಕ ಕೂತು ಬಾರಿಸಿದವನು ನಾನು. ಹಾಗಾಗಿ ಅಮೆರಿಕದಿಂದ ವೇಡ್ "ನಮ್ಮ ಬ್ಯಾಂಡಿನ ಹಬ್ಬಕ್ಕೆ ಬನ್ನಿ, ಮಂಜಣ್ಣ" ಅಂತ ಬರೆದಾಗ ಎರಡನೇ ಯೋಚನೆ ಮಾಡಲಿಲ್ಲ. ಮದ್ದಳೆಗೆ ಹೊಸ ಬಾರು ಹಾಕಿಸಿದೆ.

ವೇಡ್ ಯಾರೆಂದು ಹೇಳಬೇಕು. ಮೂರು ವರ್ಷದ ಹಿಂದೆ ಊರೂರು ಸುತ್ತುತ್ತ ಕೊಲ್ಲೂರಿಗೆ ಬಂದವನು. ಅಲ್ಲಿನ ಲಾಡ್ಜಿನವರು ಯಾರೋ ನನ್ನ ಹೆಸರು ಹೇಳಿದರಂತೆ. ಕೋಟೇಶ್ವರಕ್ಕೆ ಬಂದು ಆರು ತಿಂಗಳು ದಿನಾ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತ. ಆರೂಕಾಲು ಅಡಿ ಮನುಷ್ಯ, ನಮ್ಮ ಬಾಗಿಲಿಗೆ ದಿನಕ್ಕೆರಡು ಸಲ ಹಣೆ ಬಡಿಸಿಕೊಳ್ಳುತ್ತಿದ್ದ. ಮದ್ದಳೆ ಅಷ್ಟಕ್ಕಷ್ಟೇ ಕಲಿತ. ಆದರೆ ನನ್ನ ಹೆಂಡತಿ ಗಿರಿಜೆಯ ಹತ್ತಿರ ಮಾತು ಚೆನ್ನಾಗಿ ಕಲಿತ. ಅವನ ಕೈಯಲ್ಲಿ ಬ್ಯಾಂಜೊ ಎಂಬ ವಾದ್ಯ ಇತ್ತು. ದುಂಡಗಿನ ಬಳೆಗೆ ಚರ್ಮ ಬಿಗಿದು, ಉದ್ದದ ಹಿಡಿಕೆ ಕೂಡಿಸಿ, ಮೇಲೆ ಐದು ತಂತಿ ಎಳೆದದ್ದು. ಅವನೂ ಅವನ ಅಕ್ಕ ರೂತಳೂ ಊರಿನಲ್ಲಿ ಬ್ಯಾಂಡ್ ಕಟ್ಟಿದ್ದಾರಂತೆ. ಬ್ಲೂಗ್ರಾಸ್ ಎಂಬುದು ಅವರ ಬೆಟ್ಟದ ಕಡೆಯ ಹಳೆಯ ಧಾಟಿ. ಹಾಡುಗಳನ್ನು ಮಾತ್ರ ರೂತ್ ಹೊಸದಾಗಿ ತಾನೇ ಕಟ್ಟುತ್ತಾಳಂತೆ. ನಮ್ಮಲ್ಲಿ ಹೊಸ ಪ್ರಸಂಗ ಬರೆದರೂ ತಾಳ ಮಟ್ಟು ಹಳೆಯದೇ ಇರುತ್ತದಲ್ಲ, ಹಾಗೆಯೇ ಅಂದುಕೊಂಡೆ.

ನಾನು ಹೊರಡುವ ಸುದ್ದಿ ಊರಿಗೆ ತಿಳಿದದ್ದೇ ತಡ, ಊರಿನ ಸಂಘದವರು ತಮ್ಮ ಹಾಲಿನಲ್ಲಿ ಸನ್ಮಾನ ಇಟ್ಟುಬಿಟ್ಟರು. ಶಾಲು, ಹಣ್ಣಿನ ಬುಟ್ಟಿ, ನನ್ನ ಮುಖಕ್ಕಿಂತ ನಾಲ್ಕು ಪಟ್ಟು ದೊಡ್ಡ ನನ್ನ ಮುಖ ಇರುವ ಬ್ಯಾನರು. ಅದರಲ್ಲಿ ಕೆಂಪಕ್ಷರದಲ್ಲಿ "ಅಮೆರಿಕದ ವೇದಿಕೆಯಲ್ಲಿ ನಮ್ಮೂರ ಮದ್ದಳೆ!" ಅಧ್ಯಕ್ಷರು ಮೈಕಿನಲ್ಲೇ ಅಪ್ಪಣೆ ಕೊಡಿಸಿದರು: "ಅಲ್ಲಿ ಸ್ಟೇಜಂಗೆ ಕೂಕಂಡ್ ಬಾರ್ಸು ಫೋಟೋ ತಕಂಡೇ ಬರ್ಕ್. ಬಂದ್ಮೇಲೆ ಅದ್ನ ಇದೇ ಹಾಲಂಗೆ ಹಾಕುವ." ಚಪ್ಪಾಳೆ ಬಿತ್ತು. ನಾನು ಉಬ್ಬಿ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಪ್ರಾರ್ಥನೆಗೆ ಕೀಬೋರ್ಡ್ ನುಡಿಸಿದವನು ಬ್ರಹ್ಮಾವರದ ಸದಾಶಿವ. ಮದುವೆ ಆರ್ಕೆಸ್ಟ್ರಾದವನು. ಅವನನ್ನು ಕಂಡರೆ ನನ್ನ ಕಣ್ಣು ತಾನಾಗಿ ಬೇರೆ ಕಡೆ ತಿರುಗುತ್ತದೆ. ಎರಡು ವರ್ಷದ ಹಿಂದೆ ಬೈಂದೂರಿನಲ್ಲಿ ಒಂದು ಯಕ್ಷಗಾನದ ಆಟಕ್ಕೆ ಸಂಘಟಕರು ಅವನನ್ನು ಕರೆಸಿ, ಭಾಗವತರ ಹಿಂದೆ ಕೀಬೋರ್ಡ್ ಇಡಿಸಿದ್ದರು. ಅವನು ಒಂದು ತಿಂಗಳು ಪದಗಳನ್ನು ಕೇಳಿ ಕೇಳಿ ಅಭ್ಯಾಸ ಮಾಡಿ ಬಂದಿದ್ದ. ನಾನು ಮದ್ದಳೆಯನ್ನು ಚೀಲಕ್ಕೆ ಹಾಕಿ, ಜನರೆದುರೇ, "ಅದ್ನ ಇಳ್ಸಿ. ಇಲ್ದಿರೆ ನಾನ್ ಮನಿಗ್ ಹೋಪವ" ಅಂದೆ. ಅವನು ಕೀಬೋರ್ಡನ್ನು ರಿಕ್ಷಾಕ್ಕೆ ಹಾಕಿಕೊಂಡು ಹೋದ. ಅಂಥವನು ಸನ್ಮಾನದ ದಿನ ನನ್ನ ಹತ್ತಿರ ಬಂದು, "ಹೋಯ್ ಬನ್ನಿ ಮಂಜಣ್ಣ. ಲಾಯ್ಕ್ ಮಾಡಿ ಬಾರ್ಸಿ" ಅಂದ. ನಾನು ಹಣ್ಣಿನ ಬುಟ್ಟಿ ಸರಿಮಾಡುವವನ ಹಾಗೆ ನಟಿಸಿದೆ.

ಚಿಕಾಗೊ: ನಾಯಿ ಕೂತದ್ದು

ವಿಮಾನ ಇಳಿದಾಗ ನನಗಿದ್ದ ಚಿಂತೆ ಒಂದೇ, ಮದ್ದಳೆಯ ಚರ್ಮ. ಚರ್ಮ ಕಂಡರೆ ಬಿಡುವುದಿಲ್ಲ ಅಂತ ಕುಂದಾಪುರದ ಟ್ರಾವೆಲ್ ಏಜೆಂಟ್ ಹೆದರಿಸಿದ್ದ. "ದಿಸ್ ಈಸ್ ಟೆಂಪಲ್ ಡ್ರಮ್, ಮೇಡಂ" ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಸಾಲಿನಲ್ಲಿ ನಿಂತಿದ್ದಾಗ ಒಂದು ಸಣ್ಣ ಕಂದು ನಾಯಿ ಬಂತು. ಎಲ್ಲರ ಚೀಲ ಮೂಸಿತು, ನನ್ನ ಚೀಲದ ಪಕ್ಕ ಕೂತೇಬಿಟ್ಟಿತು. ಎಬ್ಬಿಸಿದರೂ ಏಳಲಿಲ್ಲ. ಅಧಿಕಾರಿ ಹೆಂಗಸು ಕೈಗವಸು ಹಾಕಿ ಚೀಲ ಬಿಚ್ಚಿದಳು. ನಾನು ಟೆಂಪಲ್ ಡ್ರಮ್ ಶುರುಮಾಡಿದೆ. ಆಕೆ ಮದ್ದಳೆಯನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ಬದಿಗಿಟ್ಟಳು. ಅದರ ಅಡಿಯಿಂದ, ನನ್ನ ಹಳೆಯ ಪಂಚೆಯಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ತೆಗೆದಳು. ಒಣ ಸೀಗಡಿ ಚಟ್ನಿ! ಗಿರಿಜೆ ನನಗೊಂದು ಮಾತು ಹೇಳದೆ ತುರುಕಿದ್ದಾಳೆ. ಮುಚ್ಚಳ ತೆಗೆದದ್ದೇ ಆಕೆಯ ತಲೆ ಒಂದಡಿ ಹಿಂದೆ ಹೋಯಿತು. ನಮ್ಮ ಗಂಗೊಳ್ಳಿ ಬಂದರಿನ ಗಾಳಿ ಚಿಕಾಗೊ ತಲುಪಿತ್ತು. ಪುಸ್ತಕ ತಿರುವಿ ಯಾರನ್ನೋ ಕೇಳಿ, ಮೀನಿಗೆ ಅಡ್ಡಿಯಿಲ್ಲ ಅಂತ ಮುಚ್ಚಳ ಬಿಗಿಯಾಗಿ ತಿರುಗಿಸಿ ವಾಪಸು ಕೊಟ್ಟಳು. ಚರ್ಮದ ಸುದ್ದಿಯನ್ನೇ ಎತ್ತಲಿಲ್ಲ. ಆ ಹೆಂಗಸಿಗೂ ನಾಯಿಗೂ ಒಳ್ಳೆಯದಾಗಲಿ.

ಬೆಟ್ಟದ ದಾರಿ

ಅಲ್ಲಿಂದ ಇನ್ನೊಂದು ಸಣ್ಣ ವಿಮಾನ, ಆಮೇಲೆ ರೂತಳ ಹಳೆಯ ಪಿಕಪ್ಪು. ರೂತಳಿಗೆ ಅರವತ್ತೆಂಟು. ತೆಳ್ಳಗೆ, ಬಿಳಿ ಜಡೆ, ಮಾತು ಕಡಿಮೆ. ಪೂರ್ವ ಕೆಂಟಕಿಯ ಬೆಟ್ಟಗಳ ನಡುವೆ ಹೊಳೆಯ ಬದಿಯ ರಸ್ತೆ. ಎದುರಿಗೆ ಬರುವ ಪ್ರತಿಯೊಂದು ಗಾಡಿಗೂ ರೂತ್ ಸ್ಟಿಯರಿಂಗ್‌ನಿಂದ ಒಂದು ಬೆರಳು ಎತ್ತುತ್ತಿದ್ದಳು. ಎದುರಿನವನೂ ಎತ್ತುತ್ತಿದ್ದ. "ಎಲ್ಲಾ ಗುರ್ತದವ್ರಾ?" ಅಂತ ಪಕ್ಕದಲ್ಲಿ ಕೂತಿದ್ದ ವೇಡ್‌ನನ್ನು ಕೇಳಿದೆ.

"ಅಲ್ಲ ಮಾರಾಯ್ರೆ," ಅಂದ ಅವನು. "ಗುರ್ತ ಇಲ್ದಿರೂ ಎತ್ತುದೇ." 

ನಮ್ಮ ಹೆದ್ದಾರಿಯ ಬಸ್ಸಿನವರು ಗುರುತಿದ್ದವರಿಗೂ ಹಾರ್ನ್ ಬಿಟ್ಟು ಬೇರೇನೂ ಕೊಡುವುದಿಲ್ಲ. ಎರಡನೆಯ ದಿನದಿಂದ ನಾನೂ ಬೆರಳೆತ್ತಲು ಶುರುಮಾಡಿದೆ.

ರೂತಳ ಮನೆ ಮರದ್ದು. ಎದುರಿಗೆ ಉದ್ದಕ್ಕೂ ಜಗಲಿ, ಅದರಲ್ಲಿ ತೂಗುವ ಕುರ್ಚಿಗಳು. ರಾತ್ರಿಯೂಟಕ್ಕೆ ಬೇಯಿಸಿದ ಕಾಳು, ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ. ಸಪ್ಪೆಯೆಂದರೆ ಸಪ್ಪೆ. ನಾನು ನಾಚಿಕೆ ಬಿಟ್ಟು ಚಟ್ನಿ ಬಾಟಲಿ ತಂದೆ. ರೂತ್ ಮೂಸಿದಳು, ಒಂದು ಚೂರು ರೊಟ್ಟಿಯ ಮೇಲೆ ಹಾಕಿ ತಿಂದಳು, ಕಣ್ಣಲ್ಲಿ ನೀರು ತುಂಬಿತು. ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಬಾಟಲಿಗೆ ಕೈಹಾಕಿದಳು. ಅವತ್ತಿನಿಂದ ನನಗೆ ಆಕೆಯ ಮೇಲೆ ಗೌರವ.

ಶುಕ್ರವಾರ: ಕೊಟ್ಟಿಗೆಯಲ್ಲಿ ಅಭ್ಯಾಸ

ಹಬ್ಬ ಶನಿವಾರ. ಹಿಂದಿನ ದಿನ ಹಳೆಯ ಕೊಟ್ಟಿಗೆಯೊಂದರಲ್ಲಿ ಅಭ್ಯಾಸ. ರೂತಳ ಗಿಟಾರು, ವೇಡ್‌ನ ಬ್ಯಾಂಜೊ, ಮ್ಯಾಂಡೊಲಿನ್ ಹಿಡಿದ ರೂತಳ ಮಗಳು, ಮತ್ತು ಆಳೆತ್ತರದ ಬೇಸ್ ಪಿಟೀಲನ್ನು ನಿಲ್ಲಿಸಿಕೊಂಡು ಬಾರಿಸುವ ಅರ್ಲ್. ಅರ್ಲ್ ಶಾಲೆಯ ಬಸ್ಸು ಓಡಿಸುವವನು. ಹೊಟ್ಟೆಯೂ ನಗುವೂ ದೊಡ್ಡದು.

ನಾನು ಒಂದು ಮೂಲೆಯಲ್ಲಿ ಚಾಪೆ ಹಾಸಿ, ಮದ್ದಳೆಗೆ ನಮಸ್ಕರಿಸಿ, ಬಾರು ಬಿಗಿದು ಶ್ರುತಿ ಮಾಡತೊಡಗಿದೆ. ರೂತ್ ವೇಡ್‌ನನ್ನು ಬದಿಗೆ ಕರೆದು ಏನೋ ಹೇಳಿದಳು. ವೇಡ್‌ನ ಕಿವಿ ಕೆಂಪಾಯಿತು. ನನ್ನ ಎದುರು ಬಂದು ಕುಕ್ಕರಗಾಲಲ್ಲಿ ಕೂತ.

"ಮಂಜಣ್ಣ, ಬೇಜಾರ್ ಮಾಡ್ಕಣ್ಬೇಡಿ. ತಪ್ಪ್ ನಂದ್. ನಾನ್ ಮೊದ್ಲೇ ಹೇಳ್ಕಿತ್ತ್. ಇದ್ರಂಗೆ ಡ್ರಮ್ ಇಲ್ಲೆ."

"ಇಲ್ಲೆ ಅಂದ್ರೆ? ನಾನ್ ತಂದಿದ್ನಲ್ಲ!"

"ಹಳಿ ಕ್ರಮದ ಬ್ಲೂಗ್ರಾಸಿಗೆ ಡ್ರಮ್ಮೇ ಇಲ್ಲೆ. ಯಾರಿಗೂ ಇಲ್ಲೆ. ನಿಮ್ನ ಕೇಂಬುಕೆ ಕರ್ದದ್."

ಕೇಳಲಿಕ್ಕೆ! ಹದಿಮೂರು ಸಾವಿರ ಕಿಲೋಮೀಟರ್ ಮದ್ದಳೆ ಹೊತ್ತು ತಂದದ್ದು ಕೇಳಲಿಕ್ಕೆ! ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಂಜೊ ತೋರಿಸಿ, "ಅದ್ ಎಂತ? ಅದೂ ಚರ್ಮವೇ ಅಲ್ದಾ?" ಅಂದೆ. ವೇಡ್ ಅದನ್ನು ಅಕ್ಕನಿಗೆ ಹೇಳಿದ. ರೂತ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಅದಕ್ಕೆ ತಂತಿ ಇದೆ" ಅಂದಳು. ಆಮೇಲೆ ನನ್ನ ಎದುರಿಗೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ನಿಧಾನವಾಗಿ ಮಾತಾಡಿದಳು. ವೇಡ್ ತುಂಡು ತುಂಡಾಗಿ ತಿಳಿಸಿದ. ಅದರ ಸಾರ ಇಷ್ಟು: ಹಾಡು ನನ್ನದು, ಅದರಲ್ಲಿ ಏನು ಬೇಕಾದರೂ ಹೇಳುತ್ತೇನೆ. ರೀತಿ ನನ್ನದಲ್ಲ, ನನಗಿಂತ ಮೊದಲಿನವರದ್ದು. ಅದನ್ನು ನನ್ನ ಕೈಗೆ ಕೊಟ್ಟು ಹೋಗಿದ್ದಾರೆ, ಮುರಿಯಲಿಕ್ಕೆ ಕೊಟ್ಟದ್ದಲ್ಲ.

ನಾನು ಬಾರು ಸಡಿಲಿಸತೊಡಗಿದೆ. ಯಾಕೆಂದರೆ ಆ ಮಾತು ನಾನು ಮೊದಲೇ ಕೇಳಿದ್ದೆ. ಬೈಂದೂರಿನ ರಂಗಸ್ಥಳದ ಹಿಂದೆ, ಸಂಘಟಕರೆದುರು, ಹೆಚ್ಚುಕಡಿಮೆ ಅದೇ ಮಾತನ್ನು ನಾನೇ ಹೇಳಿದ್ದೆ. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿದ್ದಲ್ಲ ಹಿರಿಯರು. ಸದಾಶಿವನ ಕೀಬೋರ್ಡು ರಿಕ್ಷಾ ಏರಿದ ಹಾಗೆ ನನ್ನ ಮದ್ದಳೆ ಚೀಲ ಸೇರಿತು.

ಆದರೆ ಒಂದು ವ್ಯತ್ಯಾಸ ಇತ್ತು, ಅದು ಅವತ್ತೇ ನನ್ನನ್ನು ಚುಚ್ಚಿತು. ರೂತ್ ನನ್ನ ಎದುರು ಕೂತು ಹೇಳಿದಳು. ಹೇಳಿದ ಮೇಲೆ ತಾನೇ ಕಾಫಿ ತಂದುಕೊಟ್ಟಳು.

ಗಿರಿಜೆಗೆ ಫೋನು ಮಾಡಿದೆ. ಕಥೆಯೆಲ್ಲ ಕೇಳಿ ಆಕೆ ಮೊದಲು ಅಂದದ್ದು, "ಉಂಡ್ರ್ಯಾ?" ಆಮೇಲೆ, "ಸದಾಶಿವಂಗ್ ನೀವ್ ಮಾಡದ್ದೇ ನಿಮ್ಗ್ ಆಯ್ತ್. ಎಂತ ಮಾಡುದ್ ಈಗ? ಸುಮ್ನೆ ಕೂಕಂಡ್ ಕೇಣಿ. ಬಾರ್ಸುಕ್ ಮಾತ್ರ ಅಲ್ಲ, ಕೇಂಬುಕೂ ಗೊತ್ತಿರ್ಕ್."

"ಫೋಟೋ?" ಅಂದೆ.

"ನಿಮ್ ಫೋಟೋ ಮನಿತುಂಬ ಇತ್ತ್," ಅಂತ ಫೋನಿಟ್ಟಳು.

ಶನಿವಾರ: ಚರ್ಚಿನ ಹಿತ್ತಲು

ಹಬ್ಬವೆಂದರೆ ಚರ್ಚೊಂದರ ಹಿಂದಿನ ಹುಲ್ಲುಗಾವಲು. ಜನ ಮನೆಯಿಂದಲೇ ಮಡಚುವ ಕುರ್ಚಿ ತಂದಿದ್ದರು. ನಮ್ಮಲ್ಲಿ ಆಟಕ್ಕೆ ಚಾಪೆ ತರುವ ಹಾಗೆ. ಒಂದು ವ್ಯತ್ಯಾಸ ಹೇಳಬೇಕು: ಬೆಳಿಗ್ಗೆಯೇ ಕುರ್ಚಿ ಇಟ್ಟು ಮನೆಗೆ ಹೋದರೂ ಅದು ಸಂಜೆವರೆಗೆ ಅಲ್ಲೇ ಇರುತ್ತದೆ. ಯಾರೂ ಕೂರುವುದಿಲ್ಲ.

ಮಧ್ಯಾಹ್ನ ವೇದಿಕೆ ಖಾಲಿಯಿತ್ತು. ನನ್ನ ಸಪ್ಪೆ ಮೋರೆ ನೋಡಿ ಅರ್ಲ್‌ಗೆ ಕನಿಕರ ಬಂತೋ ಏನೋ, ವೇಡ್‌ನಿಂದ ಫೋಟೋದ ಕಥೆ ಕೇಳಿದ್ದನಂತೆ. ಪಿಕಪ್ಪಿನಿಂದ ಮದ್ದಳೆ ತಂದು ನನ್ನ ಕೈಗಿಟ್ಟು, ವೇದಿಕೆಯ ಕಡೆ ಕೈತೋರಿಸಿ, ತನ್ನ ಫೋನನ್ನು ಎತ್ತಿ ಹಿಡಿದ. ಬಲು ಸುಲಭದ ಕೆಲಸ. ಹತ್ತಿ ಕೂರುವುದು, ಒಂದು ಕ್ಲಿಕ್ಕು, ಇಳಿಯುವುದು. ಕೋಟೇಶ್ವರದ ಹಾಲಿನಲ್ಲಿ ಯಾರಿಗೆ ಗೊತ್ತಾಗಬೇಕು?

ಹತ್ತಿದೆ. ಮೈಕಿನ ಹಿಂದೆ ಕೂತೆ. ಮದ್ದಳೆ ತೊಡೆಯ ಮೇಲಿತ್ತು. ಆಹಾ, ಫೋಟೋ ಎಷ್ಟು ಚಂದ ಬರುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಆದರೆ ಕೈ ಮದ್ದಳೆಯ ಮೇಲೆ ಇಟ್ಟೊಡನೆ ನನ್ನ ಗುರುಗಳ ನೆನಪಾಯಿತು. ಬಾರಿಸದೆ ಮದ್ದಳೆ ಹಿಡಿದು ಕೂತವನನ್ನು ಕಂಡರೆ ಅವರು, "ಹ್ವಾಯ್, ಇವ ಎಂತ ವೇಷ ಮಾಡುದ್?" ಅನ್ನುತ್ತಿದ್ದರು. ಅಲ್ಲದೆ ಅದು ರೂತಳ ರಂಗಸ್ಥಳ. ಆಕೆ ಬೇಡ ಅಂದ ಜಾಗದಲ್ಲಿ ಆಕೆ ಇಲ್ಲದಾಗ ಹತ್ತಿ ಕೂರುವುದು ಕಳ್ಳತನವೇ. ಅರ್ಲ್‌ಗೆ ಕೈಮುಗಿದು ಇಳಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಬೆನ್ನು ತಟ್ಟಿದ.

ಸಂಜೆ ನಾಲ್ಕಕ್ಕೆ ಶುರುವಾಯಿತು. ಇಡೀ ಬ್ಯಾಂಡಿಗೆ ಒಂದೇ ಮೈಕು. ನಮ್ಮಲ್ಲಾದರೆ ಐದು ಜನಕ್ಕೆ ಏಳು ಮೈಕು, ಅದರಲ್ಲೂ ಜಗಳ. ಇಲ್ಲಿ ಹಾಡುವವಳು ಮುಂದೆ ಬರುತ್ತಾಳೆ. ಸಾಲು ಮುಗಿದದ್ದೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಬ್ಯಾಂಜೊ ಮುಂದೆ ಬರುತ್ತದೆ. ಅದು ಸರಿದರೆ ಮ್ಯಾಂಡೊಲಿನ್. ಒಬ್ಬರಿಗೊಬ್ಬರು ತಾಗುವುದಿಲ್ಲ, ಯಾರೂ ಯಾರಿಗೂ ಹೇಳುವುದಿಲ್ಲ. ಸರಿದವರು ಮುಂದಿದ್ದವರ ಬೆನ್ನಿಗೆ ಮೆಲ್ಲ ನುಡಿಸುತ್ತಲೇ ಇರುತ್ತಾರೆ.

ಡ್ರಮ್ ಇಲ್ಲ ಅಂದರೆ ತಾಳ ಎಲ್ಲಿಂದ ಅಂತ ನನಗೆ ಕುತೂಹಲವಿತ್ತು. ಸ್ವಲ್ಪ ಹೊತ್ತಿನಲ್ಲಿ ಸಿಕ್ಕಿಬಿಟ್ಟಿತು. ಅರ್ಲ್‌ನ ಬೇಸು "ಧಿಂ" ಅಂದ ಮರುಕ್ಷಣ ಮ್ಯಾಂಡೊಲಿನ್ ಹಿಡಿದ ರೂತಳ ಮಗಳು ತಂತಿಗಳನ್ನು ಒತ್ತಿ "ಚಕ್" ಅಂತ ಕಡಿಯುತ್ತಿದ್ದಳು. ಧಿಂ ಚಕ್, ಧಿಂ ಚಕ್. ನನ್ನ ಎಡಗೈ ಬಲಗೈಗಳ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದರು! ಮದ್ದಳೆಗೆ ಅಲ್ಲಿ ಜಾಗವೇ ಇರಲಿಲ್ಲ. ಯಾರೋ ನನ್ನನ್ನು ಹೊರಗಿಟ್ಟದ್ದಲ್ಲ, ಅದು ಮೊದಲೇ ತುಂಬಿದ ಪಂಕ್ತಿ. ಅದು ತಿಳಿದ ಮೇಲೆ ಸಿಟ್ಟು ಇಳಿಯಿತು. ಬೆರಳುಗಳು ಮಾತ್ರ ತೊಡೆಯ ಮೇಲೆ ಬಾರಿಸುತ್ತಲೇ ಇದ್ದವು.

ರೂತ್ ಹೊಸ ಹಾಡೊಂದು ಹೇಳಿದಳು. ನೆರೆಗೆ ಸೇತುವೆ ಕೊಚ್ಚಿಹೋದ ಮೇಲೂ ಅಂಚೆಯವನು ದಿನಾ ಆಚೆ ದಡಕ್ಕೆ ಬಂದು, ಕಾಗದ ಎತ್ತಿ ತೋರಿಸಿ, ಹೆಸರು ಕೂಗಿ ಹೋಗುತ್ತಿದ್ದ ಕಥೆ. ವೇಡ್ ಮೊದಲೇ ಅರ್ಥ ಹೇಳಿದ್ದ. ನಡುವೆ ಮಳೆ ಬಂತು. ಒಬ್ಬರೂ ಏಳಲಿಲ್ಲ, ಕೊಡೆ ಬಿಚ್ಚಿ ಕೂತರು. ನನ್ನ ಪಕ್ಕದ ಗುರುತಿಲ್ಲದ ಅಜ್ಜಿ ತನ್ನ ಕೊಡೆಯನ್ನು ಅರ್ಧ ನನ್ನ ಮೇಲೆ ಹಿಡಿದು, ಸೇಬಿನ ಕಡುಬಿನಂಥದ್ದೊಂದು ತುಂಡನ್ನು ಕೈಗಿಟ್ಟಳು. ಆಕೆಯ ಎಡ ಹೆಗಲು ಪೂರ್ತಿ ಒದ್ದೆಯಾಯಿತು. ಹೆಸರು ಕೇಳಲೂ ಆಗಲಿಲ್ಲ.

ಭಾನುವಾರ: ರೂತಳ ಜಗಲಿ

ಮರುದಿನ ಮಧ್ಯಾಹ್ನ ಊಟವಾಗಿ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ರೂತ್ ನನ್ನ ಚೀಲದ ಕಡೆ ಗದ್ದ ಎತ್ತಿ ಏನೋ ಅಂದಳು. ವೇಡ್‌ನ ಮುಖ ಅರಳಿತು.

"ಅಕ್ಕ ಹೇಳ್ತ್ಳ್, ಮದ್ದಳೆ ತೆಗೀರಿ ಅಂತ್ಳ್. ಸ್ಟೇಜಿಗ್ ಕಟ್ಟಳೆ ಇತ್ತ್. ಜಗ್ಲಿಗ್ ಇಲ್ಲೆ ಅಂಬ್ರ್."

ನಾನು ಮದ್ದಳೆ ತೆಗೆದೆ. ಆದರೆ ಇನ್ನೊಂದು ತೊಡಕಿತ್ತು. ಆಕೆ ಹಾಡಿಗೊಂದು ಶ್ರುತಿ ಇಟ್ಟುಕೊಂಡು ಹಾಡುವವಳು. ಬ್ಯಾಂಜೊದವನು ಹಿಡಿಕೆಗೆ ಒಂದು ಚಿಮಟ ಕಚ್ಚಿಸಿ ಕ್ಷಣದಲ್ಲಿ ಶ್ರುತಿ ಬದಲಿಸುತ್ತಾನೆ. ಮದ್ದಳೆ ಹಾಗೆ ಕುಣಿಯುವುದಿಲ್ಲ. ನನ್ನದು ಹಾರ್ಮೋನಿಯಂ ಲೆಕ್ಕದಲ್ಲಿ ಎರಡನೇ ಕಪ್ಪು ಮನೆಯ ಶ್ರುತಿಗೆ ಕೂತಿತ್ತು. ವೇಡ್ ಅದನ್ನು ವಿವರಿಸಿದ. ರೂತ್ ನನ್ನ ಕಡೆ ಬಾಗಿ, ಬಾರಿಸು ಅಂತ ಸನ್ನೆ ಮಾಡಿದಳು. ಬಲಗಡೆಗೆ ಒಂದು ಪೆಟ್ಟು ಕೊಟ್ಟೆ. ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದು ಸಲ ಅಂದಳು. ಆಮೇಲೆ ತನ್ನ ಗಿಟಾರಿಗೂ ಚಿಮಟ ಕಚ್ಚಿಸಿ, ಎಲ್ಲರಿಗೂ ಅದೇ ಶ್ರುತಿ ಹೇಳಿದಳು.

ಅವತ್ತು ಸಂಜೆಯವರೆಗೆ ತನ್ನ ಅಷ್ಟೂ ಹಾಡುಗಳನ್ನು ನನ್ನ ಶ್ರುತಿಗೇ ಹಾಡಿದಳು. ಕೆಲವು ಆಕೆಯ ಗಂಟಲಿಗೆ ಎತ್ತರವಾಗಿದ್ದವು. ಸೇತುವೆಯ ಹಾಡಿನಲ್ಲಿ ಅಂಚೆಯವನು ಹೆಸರು ಕೂಗುವಲ್ಲಿ ಧ್ವನಿ ಒಡೆಯಿತು. ನಕ್ಕು, ನೀರು ಕುಡಿದು, ಅಲ್ಲಿಂದಲೇ ಮತ್ತೆ ಎತ್ತಿಕೊಂಡಳು. ಮೂವತ್ತು ವರ್ಷ ಹಾಡುವವರ ಶ್ರುತಿಗೆ ನಾನು ಮದ್ದಳೆ ಏರಿಸಿದ್ದೇನೆ, ಇಳಿಸಿದ್ದೇನೆ. ಅದೇ ನನ್ನ ಕೆಲಸ. ಮದ್ದಳೆಯ ಶ್ರುತಿಗೆ ಹಾಡುವವರು ಏರಿದ್ದನ್ನು ಕಂಡದ್ದು ಅವತ್ತೇ ಮೊದಲು. ಬಾರಿಸುತ್ತ ಬಾರಿಸುತ್ತ ಕಣ್ಣೀರು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಫೋಟೋ ತೆಗೆಯಲೂ ಯಾರ ಕೈಯೂ ಬಿಡುವಿರಲಿಲ್ಲ.

ಹೊರಡುವಾಗ ಚಟ್ನಿ ಬಾಟಲಿ ಖಾಲಿಯಾಗಿತ್ತು. ರೂತ್ ಅದನ್ನು ತೊಳೆದು, ಬ್ಲ್ಯಾಕ್‌ಬೆರಿ ಜಾಮ್ ತುಂಬಿಸಿ ಗಿರಿಜೆಗೆ ಅಂತ ಕೊಟ್ಟಳು. ಖಾಲಿ ಪಾತ್ರೆ ವಾಪಸು ಕೊಡಬಾರದು ಅಂತ ಅಲ್ಲೂ ಇದೆಯಂತೆ.

ಬ್ರಹ್ಮಾವರ: ಮನೆ ಮುಟ್ಟುವ ಮೊದಲು

ಮಂಗಳೂರಿನಲ್ಲಿ ಇಳಿದು ಕಾರು ಹತ್ತಿದೆ. ಬ್ರಹ್ಮಾವರ ಬಂದಾಗ ಡ್ರೈವರಿಗೆ, "ಇಲ್ಲೊಂಚೂರ್ ಒಳ್ಗ್ ಹೋಪ" ಅಂದೆ. ಸದಾಶಿವ ಮನೆಯೆದುರು ಬೈಕು ತೊಳೆಯುತ್ತಿದ್ದ. ನನ್ನನ್ನೂ ಮದ್ದಳೆಯನ್ನೂ ಕಂಡು ಪೈಪು ಕೈಯಲ್ಲೇ ಹಿಡಿದು ನಿಂತುಬಿಟ್ಟ. ನೀರು ಅವನ ಕಾಲಿನ ಮೇಲೇ ಹರಿಯುತ್ತಿತ್ತು.

"ಮಂಜಣ್ಣ! ಬನ್ನಿ, ಒಳ್ಗ್ ಬನ್ನಿ. ಬಾರ್ಸಿದ್ರ್ಯಾ? ಫೋಟೋ ಕಾಂಬ!"

"ಫೋಟೋ ಇಲ್ಲೆ," ಅಂದೆ. "ಸ್ಟೇಜಿಗ್ ಹತ್ಸಲ್ಲ. ಅವ್ರ ಕ್ರಮದಂಗೆ ಮದ್ದಳೆ ಇಲ್ಲೆ ಅಂಬ್ರ್. ಸರಿಯೇ ಹೇಳದ್ ಅವ್ರ್."

ಅವನು ನಗಬಹುದಿತ್ತು, ನಗಲಿಲ್ಲ. ಒಳಗಿನಿಂದ ಕುರ್ಚಿ ತಂದ, ಚಾ ಮಾಡಲಿಕ್ಕೆ ಹೆಂಡತಿಗೆ ಕೂಗಿದ. ಬೈಂದೂರಿನಲ್ಲಿ ನಾನು ಕೊಡದ ಚಾ ಅದು. ಒಂದು ಗುಟುಕು ಕುಡಿದು ಹೇಳಿಬಿಟ್ಟೆ.

"ಸದಾಶಿವ, ರಂಗಸ್ಥಳಕ್ಕೆ ನಿನ್ ಕೀಬೋರ್ಡ್ ಈಗ್ಳೂ ಬ್ಯಾಡ ಅಂತ್ಲೇ ಹೇಳುವವ ನಾನ್. ಅದ್ರಂಗೆ ಬದ್ಲ್ ಇಲ್ಲೆ. ಆದ್ರೆ ಅವತ್ತ್ ನಾಕ್ ಜನ್ರ್ ಎದ್ರಿಗ್ ಇಳ್ಸದ್ ತಪ್ಪ್. ನಿನ್ ಎದ್ರ್ ಕೂಕಂಡ್ ಹೇಳ್ಕಿತ್ತ್. ಈ ಆಯ್ತಾರ ನಮ್ಮನಿ ಜಗ್ಲಿಗ್ ಬಾ. ಕೀಬೋರ್ಡ್ ತಕಂಡೇ ಬಾ."

ಸದಾಶಿವ ಎದ್ದು ಹೋಗಿ ಪೈಪಿನ ನೀರು ನಿಲ್ಲಿಸಿ ಬಂದ. ಆಮೇಲೆ, ಎರಡು ವರ್ಷದ ಹಿಂದೆ ಕೇಳಬೇಕೆಂದಿದ್ದನ್ನೇ ಈಗ ಕೇಳುವವನಂತೆ, ಮೆಲ್ಲಗೆ ಕೇಳಿದ.

"ಯಾವ್ ಶ್ರುತಿಗ್ ಇಡ್ಕ್, ಮಂಜಣ್ಣ?"

"ನಿಂಗ್ ಯಾವ್ದ್ ಬೇಕೋ ಅದ್ಕೇ ಇಡ್," ಅಂದೆ. "ಮದ್ದಳೆ ನಾನ್ ಏರ್ಸ್ಕಂತೆ."